ಪಟ್ಟಿ: ಒಂದು ಪದದ ಪಾಡು



ಸಿಪಾಯಿಯ ಹೆಗಲಿಗೆ ಅಡ್ಡಲಾಗಿ ಬೀಳುವ ತೋಟಾಪಟ್ಟಿಯಲ್ಲಿ ‘ಪಟ್ಟಿ’ ಎಂಬುದು ಸಂಸ್ಕೃತದ ‘ಪಟ್ಟ’ದ ಬಳಗದ ಮಾತು. ನಮ್ಮ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯಲ್ಲಿ ಅದಕ್ಕೆ ಹಲವು ಕಾಯಕ. ಗಾಯಕ್ಕೆ ಸುತ್ತುವುದು ಪಟ್ಟಿ; ದಿನಸಿ ಬರೆದದ್ದು ಪಟ್ಟಿ; ಹಡಗಲಿಯಲ್ಲಿ ಮಲ್ಲಿಗೆ ಬೆಳೆವ ನೀಳ ನೆಲವೂ ಪಟ್ಟಿ; ಜಾತ್ರೆಗೆ ಮನೆಮನೆಯಿಂದ ಎತ್ತುವ ವಂತಿಗೆಯೂ ಪಟ್ಟಿಯೇ.

1999ರಲ್ಲಿ ಕಾರ್ಗಿಲ್ಲಿನಿಂದ ಕೊಟ್ಟೂರಿಗೆ ಮರಳಿದ ನನ್ನ ಶಿಷ್ಯನೊಬ್ಬನ ತೋಳಿಗೆ ಬಿಳಿಯ ಪಟ್ಟಿ ಕಟ್ಟಿತ್ತು. “ಸಾರ್, ಹೆಗಲಿನ ಪಟ್ಟಿ ಬರಿದಾಯಿತು, ತೋಳಿಗೆ ಇದು ಬಂತು” ಎಂದನು. ಆ ವರ್ಷವೇ ಅವನ ತಂಗಿಯ ಮದುವೆಗೆ ಓಣಿಯವರು ಪಟ್ಟಿ ಎತ್ತಿದರು. ನಿಘಂಟು ಈ ಅರ್ಥಗಳನ್ನು ಬೇರೆ ಬೇರೆ ಅಂಕೆಗಳ ಕೆಳಗೆ ಇಡುತ್ತದೆ; ಅವನ ಮನೆಯಲ್ಲಿ ಅವು ಒಂದೇ ವರ್ಷ ಕೂಡಿ ಬಂದವು.