ವಿಕಿರಣ ಚಿಕಿತ್ಸೆ: ದೂರದ ಅಂಗಗಳಿಗೆ ತಲುಪುವುದು ಎಷ್ಟು?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಪಾಠ ಹೇಳುವ ಮೇಷ್ಟ್ರು ವಿಕಿರಣ ಚಿಕಿತ್ಸೆಯ ಬಗ್ಗೆ ಏನು ಮಾತನಾಡಿಯಾರು ಎಂದು ನಿಮಗೆ ಅನಿಸಬಹುದು. ನಾನು ವೈದ್ಯನಲ್ಲ, ವಿಜ್ಞಾನದ ಶಿಕ್ಷಕನೂ ಅಲ್ಲ. ಎರಡು ಭಾಷೆ ಬಲ್ಲವನೆಂಬ ಕಾರಣಕ್ಕೆ ನಮ್ಮ ಬೀದಿಯ ಒಂದು ಕುಟುಂಬದವರು ನನ್ನನ್ನು ಆಸ್ಪತ್ರೆಗೆ ಜೊತೆಗೆ ಕರೆದೊಯ್ದಿದ್ದರು. ಅಲ್ಲಿ ಕಲಿತದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಆ ಮನೆಯ ಮಗಳಿಗೆ 19 ವರ್ಷ. ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿನಿಂದ ಕುತ್ತಿಗೆಯಲ್ಲಿ ಗಂಟುಗಳಾಗಿದ್ದವು. ಔಷಧಿಯ ಸುತ್ತುಗಳು ಮುಗಿದು, ಕುತ್ತಿಗೆ ಮತ್ತು ಎದೆಯ ಮೇಲ್ಭಾಗಕ್ಕೆ ವಿಕಿರಣ, ಅಂದರೆ ನಮ್ಮ ಜನ ಹೇಳುವ 'ಕರೆಂಟು' ಕೊಡುವುದು ಶುರುವಾಗಿತ್ತು. ಒಂದು ವಾರವೂ ಕಳೆದಿರಲಿಲ್ಲ, ನೆರೆಹೊರೆಯಲ್ಲಿ ಮಾತು ಹಬ್ಬಿತು: ಆ ಕರೆಂಟು ಮೈಯೆಲ್ಲಾ ಹರಿಯುತ್ತದೆ, ಹುಡುಗಿಗೆ ಇನ್ನು ಮಕ್ಕಳಾಗುವುದಿಲ್ಲ. ಬಂದಿದ್ದ ರಿಶ್ತಾ ಅಲ್ಲಿಗೇ ನಿಂತುಹೋಯಿತು. ತಾಯಿ ಚಿಕಿತ್ಸೆಯನ್ನೇ ನಿಲ್ಲಿಸಲು ಹೊರಟರು. "ದೂರದ ಅಂಗಗಳಿಗೆ ಹೋಗುವುದು ಸ್ವಲ್ಪವೇ, ಚಿಂತೆ ಬೇಡ" ಎಂದು ವೈದ್ಯರು ಸಮಾಧಾನ ಹೇಳಿದಾಗ ಆ ತಾಯಿ ನನ್ನ ಕಡೆ ತಿರುಗಿ, "ಥೋಡಾ ಮತ್ಲಬ್ ಕಿತ್ನಾ?" ಎಂದರು. ಸ್ವಲ್ಪ ಎಂದರೆ ಎಷ್ಟು? ಬಂಧುಗಳೇ, ಇಂದಿನ ನನ್ನ ವಿಷಯ ಇಷ್ಟೇ.

ಆ ಪ್ರಶ್ನೆಗೆ ಕಾಗದ ತೆಗೆದುಕೊಂಡು ಉತ್ತರಿಸಿದವರು ಅಲ್ಲಿನ ವೈದ್ಯಕೀಯ ಭೌತವಿಜ್ಞಾನಿ. ಕತ್ತಲೆ ಕೋಣೆಯಲ್ಲಿ ಗೋಡೆಗೆ ಟಾರ್ಚ್ ಬಿಟ್ಟರೆ ಬೆಳಕಿನ ವೃತ್ತ ಒಂದೇ ಕಡೆ ಬೀಳುತ್ತದೆ, ಆದರೂ ಇಡೀ ಕೋಣೆ ಮಸುಕಾಗಿ ಕಾಣುತ್ತದೆ. ವಿಕಿರಣವೂ ಹಾಗೆಯೇ. ಗುರಿಯ ಹೊರಗೆ ಅದು ಮೂರು ದಾರಿಗಳಿಂದ ಬರುತ್ತದೆ. ಯಂತ್ರದ ತಲೆಯ ಸೀಸದ ಕವಚದ ಮೂಲಕ ಸೋರುವುದು ಒಂದು. ಕಿರಣಕ್ಕೆ ಆಕಾರ ಕೊಡುವ ಲೋಹದ ಭಾಗಗಳಿಂದ ಚದುರುವುದು ಎರಡು. ರೋಗಿಯ ದೇಹದೊಳಗೇ ಚದುರಿ ಮುಂದಕ್ಕೆ ಸಾಗುವುದು ಮೂರು. ಮೊದಲ ಎರಡನ್ನು ಕವಚದಿಂದ ತಡೆಯಬಹುದು, ಮೂರನೆಯದನ್ನು ಹೊರಗಿನಿಂದ ತಡೆಯಲಾಗದು. ಯಂತ್ರದ ಶಕ್ತಿ 10 ಮೆಗಾವೋಲ್ಟ್ ದಾಟಿದರೆ ಇವುಗಳ ಜೊತೆಗೆ ನ್ಯೂಟ್ರಾನುಗಳೂ ಸೇರಿಕೊಳ್ಳುತ್ತವೆ.

ಇದನ್ನು ಅಳೆಯುವುದು ಹೇಗೆ? ವಿಕಿರಣದ ಪ್ರಮಾಣಕ್ಕೆ ಗ್ರೇ ಎಂಬ ಮಾನವಿದೆ. 1 ಕಿಲೋಗ್ರಾಂ ಅಂಗಾಂಶ 1 ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು 1 ಗ್ರೇ. ಕೆಲವು ಹರಳುಗಳು ತಮ್ಮ ಮೇಲೆ ಬಿದ್ದ ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಬಿಸಿ ಮಾಡಿದಾಗ ಬೆಳಕಾಗಿ ಬಿಡುತ್ತವೆ. ಬೆಳಕು ಎಷ್ಟೋ ವಿಕಿರಣವೂ ಅಷ್ಟು. ನಮ್ಮ ದೇಶದಲ್ಲಿ ವಿಕಿರಣದ ನಡುವೆ ಕೆಲಸ ಮಾಡುವವರು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಜನ್ನು ಭಾಭಾ ಅಣು ಸಂಶೋಧನಾ ಕೇಂದ್ರದವರು ಇದೇ ತತ್ವದ ಮೇಲೆ ರೂಪಿಸಿದ್ದಾರೆ. ಅದರಲ್ಲಿರುವುದು ಕ್ಯಾಲ್ಸಿಯಂ ಸಲ್ಫೇಟ್, ಜೊತೆಗೆ ಚಿಟಿಕೆಯಷ್ಟು ಡಿಸ್ಪ್ರೋಸಿಯಂ. ನಾವು ಬೋರ್ಡಿನ ಮೇಲೆ ಬರೆಯುವ ಸೀಮೆಸುಣ್ಣವೂ ಬಹುಮಟ್ಟಿಗೆ ಕ್ಯಾಲ್ಸಿಯಂ ಸಲ್ಫೇಟೇ ಎಂದು ತಿಳಿದಾಗ ನನಗೆ ಸೋಜಿಗವಾಯಿತು.

ಇಂಥ ಹರಳನ್ನು ರೋಗಿಯ ಚರ್ಮದ ಮೇಲೆ ಇಡಬಹುದು, ಅಂಡಾಶಯದೊಳಗೆ ಇಡಲಾಗದು. ಆದ್ದರಿಂದ ಹೋಳು ಹೋಳಾಗಿ ಬಿಚ್ಚಿಕೊಳ್ಳುವ ಮನುಷ್ಯಾಕಾರದ ಬೊಂಬೆಯೊಳಗೆ, ಒಂದೊಂದು ಅಂಗದ ಜಾಗದಲ್ಲಿ ಹರಳುಗಳನ್ನಿಟ್ಟು ಅದೇ ಚಿಕಿತ್ಸೆಯನ್ನು ಬೊಂಬೆಗೆ ಕೊಟ್ಟು ನೋಡುತ್ತಾರೆ. ಕಂಪ್ಯೂಟರ್ ಲೆಕ್ಕ ಸಾಲದೇ ಎಂದು ನೀವು ಕೇಳಬಹುದು. ಅದು ಗುರಿಯ ಒಳಗೆ ನಿಖರ, ಹೊರಗೆ ಅಷ್ಟು ನಿಖರವಲ್ಲ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಿರಣದ ಅಂಚಿನಿಂದ ಸುಮಾರು 4ರಿಂದ 11 ಸೆಂ.ಮೀ. ಆಚೆ ಕಂಪ್ಯೂಟರ್ ತೋರಿಸಿದ ಪ್ರಮಾಣ ನಿಜವಾದ ಅಳತೆಗಿಂತ ಸರಾಸರಿ ಶೇ. 40ರಷ್ಟು ಕಡಿಮೆಯಿತ್ತು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಗುರಿಗೆ ಒಟ್ಟು 30 ಗ್ರೇ ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಅಂಚಿನಿಂದ 10 ಸೆಂ.ಮೀ. ದೂರದಲ್ಲಿ ಅದರ ಶೇ. 1ರ ಆಸುಪಾಸು, 30 ಸೆಂ.ಮೀ. ದೂರದಲ್ಲಿ ಶೇ. 0.2ರ ಆಸುಪಾಸು ತಲುಪುತ್ತದೆ. ಕಿರಣದ ಅಗಲ ಹೆಚ್ಚಿದರೆ ಇದೂ ಹೆಚ್ಚುತ್ತದೆ. ಅಂಡಾಶಯ 30 ಸೆಂ.ಮೀ. ದೂರವಿದೆ ಎಂದರೂ ಇಡೀ ಚಿಕಿತ್ಸೆಯಲ್ಲಿ ಅದಕ್ಕೆ ಸಿಗುವುದು ಸುಮಾರು 0.06 ಗ್ರೇ. ಅಂಡಾಶಯದ ಅಂಡಾಣುಗಳಲ್ಲಿ ಅರ್ಧದಷ್ಟು ನಾಶವಾಗಲು ಸುಮಾರು 2 ಗ್ರೇ ಬೇಕೆಂದು 2003ರ ಒಂದು ಅಂದಾಜು. ಅಂದರೆ ಅದರ ಮೂವತ್ತನೇ ಒಂದು ಪಾಲು. ಈ ಕರೆಂಟಿನಿಂದ ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ಬುಡವಿರಲಿಲ್ಲ. ಕ್ಯಾನ್ಸರ್ ಔಷಧಿಗಳಿಂದ ಅಂಡಾಶಯಕ್ಕೆ ಆಗುವ ಪರಿಣಾಮ ಬೇರೆ ಲೆಕ್ಕ, ಅದನ್ನು ವೈದ್ಯರಲ್ಲಿ ಬೇರೆಯಾಗಿಯೇ ಕೇಳಬೇಕು.

ಹಾಗೆಂದು 'ಸ್ವಲ್ಪ' ಎಂದ ಮಾತ್ರಕ್ಕೆ ಎಲ್ಲ ಕಡೆಯೂ ನಿಶ್ಚಿಂತೆ ಎಂದು ತಿಳಿಯಬೇಡಿ. ಅಂಗ ಯಾವುದು, ವಯಸ್ಸೆಷ್ಟು ಎಂಬುದರ ಮೇಲೆ ಸ್ವಲ್ಪದ ಅರ್ಥವೇ ಬದಲಾಗುತ್ತದೆ. ಇಸ್ರೇಲಿನಲ್ಲಿ 1948ರಿಂದ 1960ರವರೆಗೆ, ತಲೆಯ ಹುಳುಕಡ್ಡಿ ವಾಸಿ ಮಾಡಲು 10 ಸಾವಿರಕ್ಕೂ ಹೆಚ್ಚು ಮಕ್ಕಳ ತಲೆಗೆ ಎಕ್ಸ್-ರೇ ಕೊಡಲಾಗಿತ್ತು. ಗುರಿ ತಲೆಯ ಚರ್ಮ, ಆದರೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೂ ಒಂದಿಷ್ಟು ತಲುಪಿತು. ಮುಂದೆ ಬೊಂಬೆಯ ಸಹಾಯದಿಂದ ಅಳತೆ ಮಾಡಿ ಅದು ಸರಾಸರಿ 0.09 ಗ್ರೇ ಎಂದು ಅಂದಾಜಿಸಿದರು. ಅಷ್ಟಕ್ಕೇ ಥೈರಾಯ್ಡ್ ಕ್ಯಾನ್ಸರ್ ಸುಮಾರು 4 ಪಟ್ಟು ಹೆಚ್ಚಿತ್ತೆಂದು 1989ರಲ್ಲಿ ವರದಿಯಾಯಿತು. ಗರ್ಭದಲ್ಲಿರುವ ಶಿಶುವಿನ ವಿಷಯದಲ್ಲಂತೂ 0.1 ಗ್ರೇ ಎಂಬುದನ್ನು ಎಚ್ಚರಿಕೆಯ ಗೆರೆಯಾಗಿ ನೋಡುತ್ತಾರೆ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವು ಗರ್ಭಿಣಿಯರ ವಿಕಿರಣ ಚಿಕಿತ್ಸೆಗೆಂದೇ 1995ರಲ್ಲಿ ಮಾರ್ಗದರ್ಶಿಯನ್ನು ಹೊರತಂದಿತು. ಸರಿಯಾಗಿ ಕವಚ ಹಾಕಿದರೆ ಶಿಶುವಿಗೆ ತಲುಪುವ ವಿಕಿರಣವನ್ನು ಸುಮಾರು ಅರ್ಧಕ್ಕೆ ಇಳಿಸಬಹುದು.

ನಮ್ಮ ಬೀದಿಯ ಹುಡುಗಿಯ ವಿಷಯದಲ್ಲಿ ಜನ ಹೆದರಿದ್ದು ಅಂಡಾಶಯಕ್ಕೆ. ನಿಜವಾಗಿ ಎಚ್ಚರ ಬೇಕಾಗಿದ್ದುದು ಕಿರಣದ ದಾರಿಯಲ್ಲೂ ಅದರ ಅಂಚಿನಲ್ಲೂ ಇರುವ ಥೈರಾಯ್ಡ್ ಮತ್ತು ಸ್ತನಗಳಿಗೆ. ವರ್ಷಕ್ಕೊಮ್ಮೆ ಥೈರಾಯ್ಡಿನ ರಕ್ತಪರೀಕ್ಷೆ, ವೈದ್ಯರು ಹೇಳಿದ ವಯಸ್ಸಿನಿಂದ ಸ್ತನ ತಪಾಸಣೆ ತಪ್ಪಿಸಬಾರದೆಂದು ಭೌತವಿಜ್ಞಾನಿ ಬರೆದುಕೊಟ್ಟರು. ಅದನ್ನು ನಾನು ಉರ್ದುವಿನಲ್ಲಿ ಬರೆದು ತಾಯಿಯ ಕೈಗಿತ್ತೆ. ಲೆಕ್ಕ ಗೊತ್ತಿಲ್ಲದಿದ್ದರೆ ನಾವು ಬೇಡದ ಕಡೆ ಹೆದರುತ್ತೇವೆ, ಬೇಕಾದ ಕಡೆ ಮೈಮರೆಯುತ್ತೇವೆ.

ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆ ಬೇಕಾದರೆ ಮೂರು ಪ್ರಶ್ನೆ ಕೇಳಿ. ಹತ್ತಿರದ ಸೂಕ್ಷ್ಮ ಅಂಗಗಳು ಯಾವುವು? ಅವುಗಳಿಗೆ ಅಂದಾಜು ಎಷ್ಟು ತಲುಪುತ್ತದೆ? ಮುಂದೆ ಯಾವ ತಪಾಸಣೆ, ಎಷ್ಟು ವರ್ಷ? ಗರ್ಭಿಣಿಯಾಗಿದ್ದರೆ, ಆ ಸಂದೇಹವಿದ್ದರೂ ಸರಿ, ಸಂಕೋಚಪಡದೆ ಮೊದಲೇ ತಿಳಿಸಿ. ಕೇಳಿದ ಮೇಲೆ ಚಿಕಿತ್ಸೆಯನ್ನು ನಡುವೆ ಬಿಡಬೇಡಿ. ಗಂಟಿನ ಅಪಾಯ ಇಂದಿನದು, ದೊಡ್ಡದು. ಚದುರಿದ ವಿಕಿರಣದ ಅಪಾಯ ಚಿಕ್ಕದು, ಕಾವಲು ಕಾಯಬಹುದಾದದ್ದು. ಯಂತ್ರದಿಂದ ವಿಕಿರಣ ಪಡೆದವರನ್ನು ಮುಟ್ಟಿದರೆ, ಅವರೊಡನೆ ಕುಳಿತು ಉಂಡರೆ ನಮಗೆ ಏನೂ ಆಗುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಒಬ್ಬಿಬ್ಬರಾದರೂ ಭೌತಶಾಸ್ತ್ರ ಓದಿ ಈ ವೃತ್ತಿಗೆ ಹೋಗಬೇಕು ಎಂಬುದು ನನ್ನ ಆಸೆ. ಶೇಕಡಾ ಲೆಕ್ಕ ಏಕೆ ಕಲಿಯಬೇಕು ಎಂದು ನೀವು ಕೇಳುತ್ತಿರುತ್ತೀರಿ. ಒಬ್ಬ ತಾಯಿ ಮಗಳ ಚಿಕಿತ್ಸೆ ನಿಲ್ಲಿಸದಂತೆ ತಡೆದದ್ದು ಶೇ. 0.2ರ ಒಂದು ಲೆಕ್ಕ. ಮುರಿದ ರಿಶ್ತಾ ಮರಳಿ ಬರಲಿಲ್ಲ. ಆದರೆ ಹುಡುಗಿ ಚಿಕಿತ್ಸೆ ಮುಗಿಸಿ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ.