ಕಟ್ಟಿದ ಪಾದಗಳು



ಚೀನಾ ದೇಶದಲ್ಲಿ ಸುಮಾರು ಸಾವಿರ ವರ್ಷ ಹೆಣ್ಣಿನ ಚೆಲುವನ್ನು ಪಾದದಿಂದ ಅಳೆಯುತ್ತಿದ್ದರು. ಐದಾರು ವರ್ಷದ ಬಾಲೆಯ ಹೆಬ್ಬೆರಳೊಂದನ್ನು ಬಿಟ್ಟು, ಉಳಿದ ನಾಲ್ಕು ಬೆರಳುಗಳನ್ನು ಅಂಗಾಲಿನಡಿಗೆ ಮಡಿಚಿ, ಉದ್ದನೆಯ ಬಟ್ಟೆಯ ಪಟ್ಟಿಯಿಂದ ಬಿಗಿಯುತ್ತಿದ್ದರು. ಎಲುಬು ಮುರಿಯುತ್ತಿತ್ತು, ಕೀವು ತುಂಬುತ್ತಿತ್ತು. ಮೂರಂಗುಲದ ಪಾದಕ್ಕೆ ‘ಚಿನ್ನದ ತಾವರೆ’ ಎಂಬ ಹೆಸರು.

ಹೀಗೆ ಬಿಗಿಯುತ್ತಿದ್ದವಳು ಹೆಚ್ಚಾಗಿ ಹೆತ್ತ ತಾಯಿಯೇ. ಆ ನೋವನ್ನು ತಾನೂ ಉಂಡವಳು. ದೊಡ್ಡ ಪಾದದ ಮಗಳಿಗೆ ಒಳ್ಳೆಯ ವರ ದೊರೆಯಲಾರನೆಂಬ ಭಯ ಆಕೆಯ ಕೈಯನ್ನು ನಡೆಸುತ್ತಿತ್ತು.

19ನೆಯ ಶತಮಾನದ ಕೊನೆಗೆ ಅಲ್ಲಿ ಪಾದಬಂಧನ ವಿರೋಧಿ ಸಂಘಗಳು ಹುಟ್ಟಿದವು. ಸದಸ್ಯರ ಪ್ರತಿಜ್ಞೆ ಎರಡು: ಮಗಳ ಪಾದ ಕಟ್ಟುವುದಿಲ್ಲ, ಪಾದ ಕಟ್ಟಿದ ಕನ್ಯೆಯನ್ನು ಮಗನಿಗೆ ತರುವುದಿಲ್ಲ. ಎರಡನೆಯ ಮಾತು ಮೊದಲನೆಯದಕ್ಕೆ ಧೈರ್ಯ ಕೊಟ್ಟಿತು. ಹಲವು ಮನೆಗಳು ಒಟ್ಟಾಗಿ ನುಡಿದಾಗ ತಾಯಿಯ ಭಯಕ್ಕೆ ಆಧಾರ ಉಳಿಯಲಿಲ್ಲ. 1912ರಲ್ಲಿ ಗಣರಾಜ್ಯ ಸರ್ಕಾರ ಈ ರೂಢಿಯನ್ನು ನಿಷೇಧಿಸಿತು. ಹಳ್ಳಿಗಳಲ್ಲಿ ಅದು ಮತ್ತೂ ಕೆಲಕಾಲ ಉಳಿಯಿತು.

ಪಾಲಕರೆ, ಬಣ್ಣ ಕಂದೀತೆಂದು ಮಗಳನ್ನು ಬಿಸಿಲಿನ ಆಟದಿಂದ ಹಿಂದಕ್ಕೆ ಕರೆಯುವಾಗ ನಮ್ಮ ಕೈಯಲ್ಲಿಯೂ ಅಂಥದೊಂದು ಪಟ್ಟಿಯಿದೆ. ಗಂಡುಮಕ್ಕಳ ಮನೆಯವರು ಮೊದಲು ಮಾತು ಕೊಡಲಿ. ಹೆಣ್ಣುಮಕ್ಕಳು ಈ ಶಾಲೆಯ ಬಯಲಿನಲ್ಲಿ ನಿಶ್ಚಿಂತೆಯಿಂದ ಓಡಲಿ.