ಕೈ ಕಚ್ಚಿಕೊಳ್ಳುವ ಮಗು ಏನು ಕೇಳುತ್ತಿದೆ?



ಆಂಧ್ರದ ಪೆನುಕೊಂಡದ ಸುತ್ತಮುತ್ತಲ ಯಾವುದಾದರೂ ಹಳ್ಳಿಯ ಅಂಗಳವೊಂದನ್ನು ಊಹಿಸಿಕೊಳ್ಳಿ. ಕಡಲೆಕಾಯಿ ಸುಗ್ಗಿ. ಅವ್ವ, ಅಜ್ಜಿ ಗಿಡದಿಂದ ಕಾಯಿ ಬಿಡಿಸುತ್ತ ಕೂತಿದ್ದಾರೆ. ಐದು ವರ್ಷದ ಹುಡುಗ, ಇನ್ನೂ ಮಾತು ಬಂದಿಲ್ಲ. ಅವ್ವನ ಸೆರಗು ಜಗ್ಗುತ್ತಾನೆ. ಯಾರೂ ತಿರುಗುವುದಿಲ್ಲ. ಇನ್ನೊಮ್ಮೆ ಜಗ್ಗುತ್ತಾನೆ. ಆಮೇಲೆ ತನ್ನ ಮುಂಗೈಯನ್ನು ತಾನೇ ಕಚ್ಚಿಕೊಳ್ಳುತ್ತಾನೆ. ಇಬ್ಬರೂ ಎದ್ದು ಓಡಿಬಂದು, ಎತ್ತಿಕೊಂಡು, ಒಂದು ಚೂರು ಬೆಲ್ಲ ಕೈಗಿಡುತ್ತಾರೆ. ನೆರೆಯವರು ‘ಹಟಮಾರಿ’ ಎನ್ನುತ್ತಾರೆ. ಅಜ್ಜಿ ‘ಯಾರದೋ ಕಣ್ಣು ಬಿದ್ದಿದೆ’ ಎನ್ನುತ್ತಾಳೆ.

ಅನ್ವಯಿಕ ವರ್ತನಾ ವಿಶ್ಲೇಷಣೆ ಎಂಬ ಶಾಸ್ತ್ರ ಕೇಳುವ ಪ್ರಶ್ನೆಯೇ ಬೇರೆ. ಕಚ್ಚಿಕೊಳ್ಳುವ ಮುಂಚೆ ಏನು ನಡೆಯಿತು? ಕಚ್ಚಿಕೊಂಡ ಮೇಲೆ ಏನು ಸಿಕ್ಕಿತು? ಸೆರಗು ಜಗ್ಗಿದಾಗ ಸಿಗದ ಗಮನ ಕೈ ಕಚ್ಚಿಕೊಂಡಾಗ ಸಿಕ್ಕಿತು. ಹೀಗೆ ಫಲ ಕೊಟ್ಟ ವರ್ತನೆ ಗಟ್ಟಿಯಾಗುವುದನ್ನೇ ಪುನರ್ಬಲನ ಎನ್ನುತ್ತಾರೆ. ಇನ್ನು ಹಟದ ಮಾತು. ಯಾಕೆ ಕಚ್ಚಿಕೊಳ್ಳುತ್ತಾನೆ? ಹಟ. ಹಟ ಇದೆಯೆಂದು ಹೇಗೆ ಗೊತ್ತು? ಕಚ್ಚಿಕೊಳ್ಳುತ್ತಾನಲ್ಲ! ಈ ಉತ್ತರ ಹೊರಟಲ್ಲಿಗೇ ಬಂದು ನಿಲ್ಲುತ್ತದೆ; ಮಗುವಿಗೆ ಅದರಿಂದ ಏನೂ ಸಿಗುವುದಿಲ್ಲ.

ವರ್ತನೆಗೆ ಕಾರಣವಿದೆ, ಆ ಕಾರಣವನ್ನು ನೋಡಿ, ಎಣಿಸಿ, ಬದಲಿಸಿ ಪರೀಕ್ಷಿಸಬಹುದು ಎಂಬುದು ಈ ಶಾಸ್ತ್ರದ ಬುನಾದಿ. ಸರಳ ವಿವರಣೆ ಸಾಲುವಲ್ಲಿ ಜಟಿಲವಾದದ್ದನ್ನು ತರಬಾರದು; ಕಂಡುಕೊಂಡದ್ದನ್ನೂ ಮತ್ತೆ ಅನುಮಾನಿಸಬೇಕು. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1938ರ ಪುಸ್ತಕದಲ್ಲಿ ಇದರ ಪ್ರಯೋಗಗಳನ್ನೂ, 1953ರ ಪುಸ್ತಕದಲ್ಲಿ ಮನುಷ್ಯ ಜೀವನಕ್ಕೆ ಅವುಗಳ ಅನ್ವಯವನ್ನೂ ವಿವರಿಸಿದರು. ಯೋಚನೆ, ಭಾವನೆ ಯಾವುದನ್ನೂ ಸ್ಕಿನ್ನರ್ ಒಪ್ಪಲಿಲ್ಲ ಎಂಬ ಆರೋಪ ಬಹಳ ಕಡೆ ಕೇಳಿಬರುತ್ತದೆ. ಅದು ಸರಿಯಲ್ಲ. ಅವನ್ನು ವಿಜ್ಞಾನದಿಂದ ಹೊರಗಿಟ್ಟದ್ದು 1913ರಲ್ಲಿ ಬರೆದ ಮನೋವಿಜ್ಞಾನಿ ಜಾನ್ ವಾಟ್ಸನ್. ಯೋಚನೆಯೂ ನೋವೂ ಚರ್ಮದ ಒಳಗೆ ನಡೆಯುವಂಥವು, ಹೊರಗಿನ ವರ್ತನೆಯ ನಿಯಮಗಳೇ ಅವಕ್ಕೂ ಸಲ್ಲುತ್ತವೆ ಎಂದದ್ದು ಸ್ಕಿನ್ನರ್.

1968ರಲ್ಲಿ ಬೇರ್, ವುಲ್ಫ್, ರಿಸ್ಲಿ ಎಂಬ ಮೂವರು ಸಂಶೋಧಕರು ಈ ಕ್ಷೇತ್ರಕ್ಕೆ ಏಳು ಲಕ್ಷಣಗಳನ್ನು ಗುರುತಿಸಿದರು. ಅವುಗಳಲ್ಲಿ ಎರಡು ನನಗೆ ತೀರಾ ಮುಖ್ಯವೆನಿಸುತ್ತವೆ: ಬದಲಿಸುವ ವರ್ತನೆ ಬದುಕಿಗೆ ನಿಜವಾಗಿ ಬೇಕಾದದ್ದಾಗಿರಬೇಕು, ಕಲಿತದ್ದು ಕಲಿತ ಕೋಣೆಯಲ್ಲೇ ಉಳಿಯಬಾರದು.

ಈಗ ಆ ಅಂಗಳಕ್ಕೆ ಬರೋಣ. ಮೊದಲು ಕಿವಿನೋವು, ಹಲ್ಲುನೋವು ಇದೆಯೇ ಎಂದು ವೈದ್ಯರಿಗೆ ತೋರಿಸಬೇಕು. ಕೆಲವು ದಿನ ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು, ಮುಂಚೆ ನಡೆದದ್ದು, ಆಮೇಲೆ ನಡೆದದ್ದು ಬರೆದಿಡಬೇಕು. ಯಾಕೆಂದರೆ ಇನ್ನೊಂದು ಮಗು ಹೀಗೇ ತನ್ನ ಕೈಯನ್ನು ಕೆಲಸ ತಪ್ಪಿಸಿಕೊಳ್ಳಲು ಕಚ್ಚಿಕೊಳ್ಳುತ್ತಿರಬಹುದು. ಅದಕ್ಕೆ ಉಪಾಯ ಬೇರೆ. ನಮ್ಮ ಹುಡುಗನಿಗೆ ಅವ್ವನ ಭುಜ ತಟ್ಟುವುದನ್ನು ಕಲಿಸಬೇಕು, ತಟ್ಟಿದ ಕೂಡಲೇ ಅವ್ವ ತಿರುಗಬೇಕು. ಶುರುವಿನಲ್ಲಿ ಪ್ರತಿ ಸಲವೂ. ಕಚ್ಚಿಕೊಂಡಾಗ ಗಾಯವಾಗದಂತೆ ಕಾಯಬೇಕು, ಆದರೆ ಮುದ್ದು, ಬೆಲ್ಲ ಬೇಡ. ಆಗ ಮೊದಮೊದಲು ಕಚ್ಚಿಕೊಳ್ಳುವುದು ಹೆಚ್ಚಬಹುದು. ತಡೆಯಲಾರದೆ ಅಜ್ಜಿ ಬೆಲ್ಲ ಕೊಟ್ಟಳೋ, ಇನ್ನೂ ಜೋರಾಗಿ ಕಚ್ಚಿಕೊಳ್ಳಬೇಕೆಂದು ಹುಡುಗ ಕಲಿಯುತ್ತಾನೆ. ತನಗೆ ತಾನೇ ಗಾಯ ಮಾಡಿಕೊಳ್ಳುವ ಮಕ್ಕಳ ವಿಷಯದಲ್ಲಿ ಇದನ್ನು ತಿಳಿದವರ ಜೊತೆ ನಿಂತೇ ಮಾಡಬೇಕು.

ಈ ಶಾಸ್ತ್ರ ನಮ್ಮ ನಾಡಿಗೆ ಹೊಸತಲ್ಲ. ಶಿಕ್ಷಕರಿಗಾಗಿ ಈ ಬಗ್ಗೆ ರೀತಾ ಪೇಶಾವರಿಯಾ, ಎಸ್. ವೆಂಕಟೇಶನ್ ಬರೆದ ಕೈಪಿಡಿಯನ್ನು ಸಿಕಂದರಾಬಾದಿನ ಬೌದ್ಧಿಕ ಅಂಗವಿಕಲತೆಯ ರಾಷ್ಟ್ರೀಯ ಸಂಸ್ಥೆ 1992ರಲ್ಲೇ ಹೊರತಂದಿತು. ವೆಂಕಟೇಶನ್ ಮುಂದೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕೆಲಸ ಮಾಡಿದರು.

ಈ ಶಾಸ್ತ್ರದ ಹೆಸರಿನಲ್ಲಿ ಕ್ರೌರ್ಯವೂ ನಡೆದಿದೆ. ಅಮೆರಿಕದಲ್ಲಿ 1960ರ ದಶಕದಲ್ಲಿ ಮನೋವಿಜ್ಞಾನಿ ಇವಾರ್ ಲೋವಾಸ್ ಆಟಿಸಂ ಇರುವ ಮಕ್ಕಳ ಮೇಲೆ ಹೊಡೆತ, ವಿದ್ಯುತ್ ಆಘಾತ ಬಳಸಿದರು. ಬೆಳೆದು ದೊಡ್ಡವರಾದ ಅನೇಕ ಆಟಿಸಂ ವ್ಯಕ್ತಿಗಳು, ಯಾರಿಗೂ ತೊಂದರೆ ಕೊಡದ ತಮ್ಮ ಕೈಬೀಸುವಿಕೆಯನ್ನೂ ಅಡಗಿಸಲಾಯಿತು ಎಂದು ಇಂದು ಹೇಳುತ್ತಿದ್ದಾರೆ. ಅವರ ಮಾತು ನ್ಯಾಯವಾದದ್ದು. ಮಗು ಕೈ ಬೀಸಿದರೆ ಬೀಸಲಿ. ಅದನ್ನು ನಿಲ್ಲಿಸುವುದು ನೋಡುವವರ ಮುಜುಗರಕ್ಕೇ ಹೊರತು ಮಗುವಿನ ಬದುಕಿಗಲ್ಲ.

ಪೆನುಕೊಂಡ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕನ್ನಡ ಮನೆಗಳಿಗೆ ಇನ್ನೊಂದು ಮಾತು. ಆಂಧ್ರದ ಮಂಡಲಗಳಲ್ಲಿ ಸಮಗ್ರ ಶಿಕ್ಷಾ ಯೋಜನೆಯ ಭವಿತ ಕೇಂದ್ರಗಳಿವೆ, ವಿಶೇಷ ಅಗತ್ಯದ ಮಕ್ಕಳಿಗಾಗಿ. ಅಲ್ಲಿ ಕಲಿಸುವುದು ಹೆಚ್ಚಾಗಿ ತೆಲುಗಿನಲ್ಲಿ. ಕೇಂದ್ರದಲ್ಲಿ ‘ನೀಳ್ಳು’ ಎಂದು ಕೇಳಿ ಲೋಟ ಪಡೆಯುವ ಮಗು, ಮನೆಯಲ್ಲಿ ಬಿಂದಿಗೆಯ ಮುಂದೆ ಸುಮ್ಮನೆ ನಿಂತು ಅಳಬಹುದು. ಮಗು ಮರೆತದ್ದಲ್ಲ, ಆ ಮಾತು ಆ ಕೋಣೆಗೆ, ಆ ಟೀಚರಿಗೆ ಅಂಟಿಕೊಂಡಿದೆ. ಹಾಗಾಗಿ ಮಗುವಿನ ಜೊತೆ ಅವ್ವನೂ ಕೂತು ನೋಡಲಿ. ನೀರು, ಊಟ, ಬೇಡ, ಸಾಕು, ಎತ್ತಿಕೋ ಇಂಥ ಮನೆಯ ಮಾತುಗಳನ್ನು ತೆಲುಗು ಲಿಪಿಯಲ್ಲಿ ಬರೆಸಿ ಟೀಚರಿಗೆ ಕೊಡಿ; ಅವರು ಕಲಿಸುವ ಮಾತುಗಳನ್ನು ನೀವೂ ಬರೆದುಕೊಂಡು ಬನ್ನಿ. ಮಗು ಯಾವ ಭಾಷೆಯಲ್ಲಿ ನೀರು ಕೇಳಿದರೂ, ಬೆರಳಿನಿಂದ ಬಿಂದಿಗೆ ತೋರಿಸಿದರೂ, ಮೊದಲು ನೀರು ಕೊಡಿ.